ದೋಣಿ ಮೆಟ್ಟಿಲ ಮೇಲಿನ ಎಡೆ

ಮಕ್ಕಳೇ, ನಿಮ್ಮ ತಾತ ಕುಡಿದು ಕಪಿಲಾ ಹೊಳೆಗೆ ಬಿದ್ದು ಸತ್ತರೆಂದು ಯಾರಾದರೂ ಹೇಳಿದರೆ ನಂಬಬೇಡಿ. ತೊಂಬತ್ತನೇ ಇಸವಿಯ ಆಸುಪಾಸಿನಲ್ಲಿ ಅವರು ಸತ್ತದ್ದು ನಂಜನಗೂಡಿನ ಆಚೆಯ ಬಿಳಿಕಲ್ಲಿನ ಗಣಿಯಲ್ಲಿ, ಮಗ್ಗುಲ ಮಣ್ಣು ಕುಸಿದು. ಗಣಿಯ ಕಂಟ್ರಾಕ್ಟರ್ ಹೆಣವನ್ನು ಹೊಳೆದಂಡೆಗೆ ಸಾಗಿಸಿ ಆ ಕಥೆ ಕಟ್ಟಿದ. ಮೈ ತೊಳೆಯುವಾಗ ನಾನು ನೋಡಿದೆ. ಬಟ್ಟೆ ನೆನೆದೇ ಇರಲಿಲ್ಲ. ಕಿವಿಯೊಳಗೆಲ್ಲ ಬಿಳಿಪುಡಿ. ನನ್ನ ತವರು ನರಸೀಪುರದ ಕಡೆ. ಹೇಳಿದರೆ ಕೇಳುವವರು ಹತ್ತಿರದಲ್ಲಿರಲಿಲ್ಲ. ನಾಲ್ಕು ಜನರೆದುರು ನನಗೆ ಬಾಯೂ ಬರುತ್ತಿರಲಿಲ್ಲ.

ಆಮೇಲೆ ಕಲ್ಲು ಮುಗಿದು ಗಣಿ ನಿಂತಿತು. ಗುಂಡಿಯಲ್ಲಿ ಮಳೆನೀರು ತುಂಬಿ ಹಸಿರಾಯಿತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಅದೇ ಕಂಟ್ರಾಕ್ಟರ್ ಪ್ರವಾಸಿಗರನ್ನು ಸುತ್ತಾಡಿಸಲು ಅಲ್ಲಿಗೆ ದೋಣಿ ತಂದ. ಹಳೆಯ ಹಾರೆ, ಸುತ್ತಿಗೆಗಳನ್ನು ಶೆಡ್ಡಿನಲ್ಲಿ ಜೋಡಿಸಿ ಕೆಲಸಗಾರರ ಫೋಟೊ ತೂಗುಹಾಕಿದ. ನಿಮ್ಮ ತಾತನೂ ಅದರಲ್ಲಿದ್ದರು, ನಗುತ್ತಾ. ಮೇಲೆ ‘ನಮ್ಮ ಹೆಮ್ಮೆಯ ಗಣಿ’ ಎಂಬ ಬೋರ್ಡು. ಅದನ್ನು ನೋಡಿದ ದಿನವೇ, ಇವನ ಬಾಯಿಂದಲೇ ನಿಜ ಹೊರಡಿಸಬೇಕು ಎಂದುಕೊಂಡೆ.

ದಸರೆಗೆ ಮೈಸೂರಿಗೆ ಬರುವವರನ್ನು ಹಿಡಿಯುವ ಆತುರದಲ್ಲಿ ಅವನು ಮಹಾಲಯ ಅಮಾವಾಸ್ಯೆಯ ದಿನವೇ ಮೊದಲ ದೋಣಿ ಬಿಡಲು ಹೊರಟ. ಅವತ್ತು ನಾವು ಸತ್ತವರಿಗೆ ಎಡೆ ಇಡುತ್ತೇವೆ. ಇಟ್ಟ ಎಡೆಯನ್ನು ಮನೆಯವರೇ ಎತ್ತಬೇಕು. ಅಲ್ಲಿಯವರೆಗೆ ಯಾರೂ ದಾಟುವಂತಿಲ್ಲ. ಬೆಳಿಗ್ಗೆಯೇ ಹೋಗಿ ದೋಣಿ ಹತ್ತುವ ಮೆಟ್ಟಿಲ ಮೇಲೆ ಬಾಳೆಲೆ ಹಾಸಿ, ಮುದ್ದೆ, ಕೋಳಿಸಾರು, ಒಂದು ಕಟ್ಟು ಬೀಡಿ ಇಟ್ಟು ಪಕ್ಕದಲ್ಲಿ ಕುಳಿತೆ. ದೋಣಿ ನಡೆಸುವವರು ನಮ್ಮೂರವರೇ. ಒಬ್ಬರೂ ಮುಂದೆ ಬರಲಿಲ್ಲ. ಬಸ್ಸಿನಲ್ಲಿ ಬಂದಿಳಿದವರು ಹಿಂದೆ ಸಾಲುಗಟ್ಟಿದರು.

ಕಂಟ್ರಾಕ್ಟರ್ ಓಡಿಬಂದ. “ಏನವ್ವಾ ಇದು? ನಿನ್ ಗಂಡುಂಗೆ ಮನೇಲಿಕ್ಕು, ಇಲ್ಲಾ ಒಳೆತಾವ ಇಕ್ಕು.”

“ಒಳೆಲಿ ಅವ್ರಿಲ್ಲ ಕಣಪ್ಪ. ಎಲ್ಲವ್ರೆ ಅಂತ ನಿಂಗೇ ಗೊತ್ತಲ್ಲ. ಅದ್ನ ನೀನೇ ಏಳು, ಎಡೆ ಎತ್ತೀನಿ.”

ದೋಣಿಯವನೊಬ್ಬ ನಕ್ಕ. “ನಿಜ ಏಳ್ಬುಡಿ ಸಾ, ಎಡೆ ಉಣ್ಣೋರು ಕಾಯ್ತಾವ್ರೆ.”

ಕಂಟ್ರಾಕ್ಟರ್ ನನ್ನ ಹತ್ತಿರ ಬಗ್ಗಿ ಪಿಸುಗುಟ್ಟಿದ. “ಇಲ್ಲೇ ಸತ್ತಿದ್ದು. ಮಣ್ ಕುಸೀತು. ಈಗ ಎತ್ತವ್ವ.”

“ಜೋರಾಗಿ ಏಳು. ಬಸ್ಸಿನೋರ್ಗೂ ಕೇಳ್ಲಿ.”

ಹೇಳಿದ. ಬಸ್ಸಿನವರು ಆ ನೀರನ್ನು ಒಮ್ಮೆ ನೋಡಿದರು, ತಮ್ಮ ಮಕ್ಕಳ ಕೈ ಹಿಡಿದು ವಾಪಸು ಹೊರಟರು.

ಆಮೇಲೆ ನಾನು ಎಡೆ ಎತ್ತಿದೆ. ಎಡೆಯ ಊಟವನ್ನು ನಮ್ಮ ಕಡೆ ಯಾರೂ ಬೇಡವೆನ್ನುವುದಿಲ್ಲ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಒಂದು ತುತ್ತನ್ನು ಅವನ ಕೈಗೆ ಹಾಕಿದೆ. ಅವನು ಅದನ್ನು ನುಂಗುವವರೆಗೂ ಮುಖ ನೋಡುತ್ತಾ ನಿಂತಿದ್ದೆ.