ಉಗುರಿನಷ್ಟು ಹಿತ್ತಾಳೆ

ಠಂಯ್ ಎಂದಿತು ಬಿಲ್ಲು. ಹತ್ತಿಯೊಳಗೆ ಇಳಿದು ಮೆತ್ತಗಾಗಿ, ಮತ್ತೆ ಠಂಯ್. ಶಿವಾಜಿನಗರದ ಆ ಓಣಿಗೆ ಬೆಳಗಾಗುವುದೇ ಪಿಂಜಾರ ನಯಾಜ್ ಹತ್ತಿ ಹಿಂಜುವ ಈ ಸದ್ದಿನಿಂದ. ಅವನ ಅಂಗಡಿಯ ಎದುರು ಜಗಲಿಯ ಮೇಲೆ ಸನಾವುಲ್ಲಾ ಸಾಹೇಬರು ಮೋಟರ್ ಸೈಕಲ್ ರಿಪೇರಿ ಮಾಡುತ್ತಿದ್ದರು. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ, ಸಡಿಲಾದದ್ದು ಯಾವುದೆಂದು ಕಿವಿಯಿಂದಲೇ ಹುಡುಕುವುದು ಅವರ ರೂಢಿ. ಒಳಗೆ ಪರದೆಯ ಹಿಂದೆ ಅಕ್ಕಿ ಆರಿಸುತ್ತ ಕೂತ ಹೆಂಡತಿ ಶಂಶುನ್ನೀಸಾ, ‘ಮೀಟ್ತಿರೋದು ನಯಾಜೋ ನೀವೋ ಗೊತ್ತೇ ಆಗಲ್ಲ’ ಎಂದು ನಗುತ್ತಿದ್ದರು.

ಆ ಬೆಳಿಗ್ಗೆಯೂ ಸಾಹೇಬರ ಬೆರಳು ಕಡ್ಡಿಗಳ ಮೇಲೆ ಇತ್ತು. ಮುನಿಶಾಮಿಯ ಗಾಡಿ ಓಣಿಯೊಳಗೆ ಬಂದು ನಿಂತಿತು. ಚಕ್ರದಿಂದ ಟ್ಯಾಂಕಿನವರೆಗೂ ಜೇಡಿಮಣ್ಣು ಮೆತ್ತಿ, ಒಣಗಿ, ಬಿರುಕುಬಿಟ್ಟಿತ್ತು. ಆಯುಧಪೂಜೆಗೆ ಕಟ್ಟಿದ ಚೆಂಡುಹೂವಿನ ಹಾರ ಹ್ಯಾಂಡಲಿನಲ್ಲಿ ಕಂದಿ ನೇತಾಡುತ್ತಿತ್ತು. ಹಿಂದಿನ ಸೀಟಿನಿಂದ ಅವನ ಹೆಂಡತಿ ಶಾಂತಕುಮಾರಿ ಇಳಿದಳು. ಹೆರಿಗೆಯ ಚೀಲವನ್ನು ಎದೆಗೆ ಅವುಚಿಕೊಂಡಿದ್ದಳು. ಸೀರೆಯ ಅಂಚು ಕೆಸರಿನಿಂದ ಸೆಟೆದು ನಿಂತಿತ್ತು.

‘ಮಗು ಉಳೀಲಿಲ್ಲ, ಸಾಬ್ರೇ,’ ಎಂದ ಮುನಿಶಾಮಿ.

‘ಯಾವ ಮಗು?’

‘ಕೆರೆ ಆಚೆ ಊರಲ್ಲಿ, ಪಿಳ್ಳಮ್ಮ ಅಂತ. ಆಯಮ್ಮಂದು. ಗಾಡಿ ಕೆರೆ ಏರಿ ಹತ್ತಲಿಲ್ಲ.’

ಸಾಹೇಬರ ಕಣ್ಣು ಹ್ಯಾಂಡಲಿನ ಬಲಗೈ ಹಿಡಿಯ ಮೇಲೆ ಹೋಗಿ ಅಲ್ಲಿಯೇ ಉಳಿಯಿತು. ಪರದೆಯ ಹಿಂದೆ ಅಕ್ಕಿಯ ಮೊರ ಆಡುವ ಸದ್ದು ನಿಂತಿತು. ಗಾಡಿ ಯಾಕೆ ಹತ್ತಲಿಲ್ಲವೆಂದು ಆ ಮನೆಯಲ್ಲಿ ಇಬ್ಬರಿಗೂ ಗೊತ್ತಿತ್ತು.

ಆ ಗಾಡಿ ಬಂದದ್ದು ಅದೇ ವರ್ಷದ ಬೇಸಿಗೆಯಲ್ಲಿ, ಯುದ್ಧ ಮುಗಿದು ಮಿಲಿಟರಿಯವರು ಹಳೆಯ ಗಾಡಿಗಳನ್ನು ಹರಾಜು ಹಾಕುತ್ತಿದ್ದಾಗ. ಮುನಿಶಾಮಿ ಹಲಸೂರಿನವನು, ಬರ್ಮಾದಲ್ಲಿ ಸೈನ್ಯದ ಪತ್ರಗಳನ್ನು ಮೋಟರ್ ಸೈಕಲ್ಲಿನಲ್ಲಿ ಒಯ್ದು ಮುಟ್ಟಿಸುತ್ತಿದ್ದವನು. ಶಾಂತಕುಮಾರಿಗೆ ಕೃಷ್ಣರಾಜಪುರದ ಆಸ್ಪತ್ರೆಯಲ್ಲಿ ಸೂಲಗಿತ್ತಿ ನರ್ಸಿನ ಕೆಲಸ. ಅಲ್ಲಿಂದ ಆಚೆಯ ಹಳ್ಳಿಗಳಿಗೆ ಬಸ್ಸಿಲ್ಲ. ಗಾಡಿ ಜಾಡು, ಹೊಲದ ಬದು, ಕೆರೆಯ ಏರಿ, ಇವೇ ದಾರಿ.

‘ಮೆಲ್ಲಗೆ ಓಡೋ ಹಂಗೆ ಮಾಡ್ಕೊಡಿ ಸಾಬ್ರೇ,’ ಎಂದಿದ್ದಳು ಶಾಂತಕುಮಾರಿ ಅಂದು. ‘ಇವ್ರು ಬರ್ಮಾದಲ್ಲಿ ಬಾಂಬ್ ತಪ್ಪಿಸ್ಕೊಂಡು ಓಡಿಸ್ತಿದ್ರಂತೆ. ಇಲ್ಲಿ ಎಮ್ಮೆ ಅಡ್ಡ ಬಂದ್ರೂ ಅದೇ ಆಟ.’

‘ಎಮ್ಮೇನೇ ವಾಸಿ,’ ಎಂದ ಮುನಿಶಾಮಿ. ‘ಹಿಂದೆ ಕೂತ್ಕೊಂಡು ಬೆನ್ನು ಗಿಲ್ಲಲ್ಲ.’

ಸಾಹೇಬರು ನಕ್ಕು ಕೆಲಸಕ್ಕೆ ಕೂತರು. ಹಳ್ಳಿಯ ಜಾಡಿನಲ್ಲಿ ಗಾಡಿಗೆ ಬೇಕಾದದ್ದು ವೇಗವಲ್ಲ, ತಾಳ್ಮೆ ಎಂಬುದು ಅವರ ನಂಬಿಕೆ. ಹಿಂದಿನ ಚಕ್ರದಲ್ಲಿ ಚೈನು ಕೂರುವ ಹಲ್ಲುಚಕ್ರವನ್ನು ದೊಡ್ಡದು ಹಾಕಿದರು, ನಡೆಯುವವನ ಜೊತೆಗೂ ಗಾಡಿ ಎಡವದೆ ಹೆಜ್ಜೆ ಹಾಕಲೆಂದು. ಹಳ್ಳ ದಾಟುವಾಗ ನೀರು ನುಗ್ಗದಂತೆ ಹೊಗೆಕೊಳವೆಯನ್ನು ಮೇಲಕ್ಕೆ ಎತ್ತಿ ಕಟ್ಟಿದರು. ಕ್ಲಚ್ಚಿನ ತಂತಿಯ ಪಕ್ಕದಲ್ಲಿಯೇ ಇನ್ನೊಂದು ತಂತಿಯನ್ನು ಮಲಗಿಸಿಟ್ಟರು, ಒಂದು ಕಡಿದರೆ ಇನ್ನೊಂದು ಕೈಗೆ ಸಿಗಲಿ ಎಂದು. ಬ್ರೇಕಿನ ಹಿಡಿಯ ಬೋಲ್ಟನ್ನು ಬೇಕೆಂದೇ ಪೂರ್ತಿ ಬಿಗಿಯಲಿಲ್ಲ. ಗಾಡಿ ಬಿದ್ದರೆ ಹಿಡಿ ಮುರಿಯುವ ಬದಲು ತಿರುಗಿಕೊಳ್ಳುತ್ತದೆ. ಟಯರಿನ ಗಾಳಿ ಸ್ವಲ್ಪ ಇಳಿಸಲು, ವಾರಕ್ಕೊಮ್ಮೆ ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಚ್ಚಗಿನ ಗ್ರೀಸಿನಲ್ಲಿ ಅದ್ದಲು ಹೇಳಿಕೊಟ್ಟರು. ನರ್ಸಮ್ಮ ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂರಬೇಕಲ್ಲ, ಅದಕ್ಕೆ ಒಂದು ಹಲಗೆ, ಹಲಗೆಗೆ ಸೆಣಬಿನ ಹಾಸು.

ಇವೆಲ್ಲ ಗಂಡ ಹೆಂಡತಿ ಇಬ್ಬರೂ ಕಣ್ಣಾರೆ ಕಂಡ ಕೆಲಸಗಳು. ಕಾಣದ ಕೆಲಸ ಇನ್ನೊಂದಿತ್ತು.

ಹ್ಯಾಂಡಲಿನ ಹಿಡಿ ತಿರುಗಿಸಿದಷ್ಟೂ ಕಾರ್ಬುರೇಟರಿನ ಒಳಗಿನ ಪುಟ್ಟ ಉರುಳೆ ಮೇಲೇಳುತ್ತದೆ. ಅದು ಎದ್ದಷ್ಟೂ ಎಂಜಿನ್ನಿಗೆ ಉಸಿರು. ಆ ಉರುಳೆಯ ಮೇಲಿನ ಸ್ಪ್ರಿಂಗಿನೊಳಗೆ ಸಾಹೇಬರು ಉಗುರಿನಷ್ಟು ಉದ್ದದ ಹಿತ್ತಾಳೆಯ ಕೊಳವೆಯನ್ನು ಕೂರಿಸಿದ್ದರು. ಉರುಳೆ ಅರ್ಧ ಎದ್ದು, ಕೊಳವೆಗೆ ತಾಗಿ, ಅಲ್ಲಿಗೇ ನಿಲ್ಲುತ್ತಿತ್ತು. ಮಗ ಶೌಕತ್ ಹಲಸೂರು ಕೆರೆಯ ತಿರುವಿನಲ್ಲಿ ಗಾಡಿ ಉರುಳಿ ತೀರಿಹೋದ ಮೇಲೆ ಅವರ ಕೈಯಿಂದ ಹೊರಟ ಎಲ್ಲ ಗಾಡಿಗಳ ಒಳಗೂ ಅಂಥದೊಂದು ಕೊಳವೆ ಇತ್ತು. ಶೌಕತ್ ಏರಿದ್ದ ಗಾಡಿಗೆ ವೇಗ ಹೆಚ್ಚಿಸಿಕೊಟ್ಟವರು ಅವರೇ.

‘ಒಂದು ಮಾತು ಹೇಳಿಬಿಡಿ ಅವರಿಗೆ,’ ಎಂದು ಶಂಶುನ್ನೀಸಾ ಹಲವು ಸಲ ಹೇಳಿದ್ದರು.

‘ಹೇಳಿದ್ರೆ ತೆಗೆಸ್ತಾರೆ,’ ಎನ್ನುತ್ತಿದ್ದರು ಸಾಹೇಬರು.

ಮುನಿಶಾಮಿ ಒಮ್ಮೆ ಕೇಳಿಯೂ ಇದ್ದ, ‘ಹಿಡಿ ಅರ್ಧಕ್ಕೇ ನಿಲ್ಲುತ್ತಲ್ಲ ಸಾಬ್ರೇ’ ಎಂದು. ‘ದೊಡ್ಡ ಹಲ್ಲುಚಕ್ರ ಹಾಕಿದೀನಲ್ಲಪ್ಪ, ಇದು ಹಂಗೇ’ ಎಂದುಬಿಟ್ಟಿದ್ದರು. ಅವನು ನಂಬಿದ. ಸಾಹೇಬರು ಹೇಳಿದ ಮೇಲೆ ಅದು ಹಾಗೇ ಇರಬೇಕು.

ಈಗ ಅದೇ ಮುನಿಶಾಮಿ ಜಗಲಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ನಿನ್ನೆಯ ಸಂಜೆಯನ್ನು ಹೇಳುತ್ತಿದ್ದ. ಮೂರು ದಿನದ ಮಳೆಗೆ ಕೆರೆ ಕೋಡಿ ಹರಿದು ಕೆಳಗಿನ ದಾರಿ ಮುಳುಗಿತ್ತು. ಊರು ಸೇರಲು ಏರಿ ಹತ್ತಿ ಇಳಿಯುವುದೊಂದೇ ದಾರಿ.

‘ಅರ್ಧ ಹತ್ತಿ ಉಸಿರು ಕಟ್ಟಿದಂಗೆ ನಿಂತುಬಿಡ್ತು. ವಾಪಸ್ ಇಳಿಸ್ದೆ, ದೂರದಿಂದ ಬಂದೆ, ಮತ್ತೆ ಅಲ್ಲೇ. ಇವಳನ್ನ ಇಳಿಸಿ ನಾನೊಬ್ಬನೇ ಹತ್ತಿಸಕ್ಕೆ ನೋಡ್ದೆ, ಆಗ್ಲೂ ಜಾರ್ತು. ಬರ್ಮಾದಲ್ಲಿ ಇದರಪ್ಪನಂಥ ಗುಡ್ಡ ಹತ್ತಿಸಿದೀನಿ ಸಾಬ್ರೇ.’

‘ನಾನು ಚೀಲ ತಲೆ ಮೇಲೆ ಇಟ್ಕೊಂಡು ನಡ್ಕೊಂಡೇ ಹೋದೆ,’ ಎಂದಳು ಶಾಂತಕುಮಾರಿ. ಅವಳ ದನಿಯಲ್ಲಿ ಅಳುವಿರಲಿಲ್ಲ, ಏನೂ ಇರಲಿಲ್ಲ. ‘ಮಗು ಕೊರಳಿಗೆ ಹೊಕ್ಕುಳಬಳ್ಳಿ ಸುತ್ಕೊಂಡಿತ್ತು. ಆಯಮ್ಮನ ಅತ್ತೆ ಒಬ್ಬರೇ ಇದ್ರು, ಪಾಪ, ಅವರಿಗೇನು ಗೊತ್ತಾಗುತ್ತೆ. ಗಂಡುಮಗು. ಇನ್ನೂ ಬೆಚ್ಚಗಿತ್ತು ನಾನು ಮುಟ್ಟಿದಾಗ.’

‘ತಾಯಿ?’ ಎಂದರು ಸಾಹೇಬರು.

‘ತಾಯಿ ಇದಾಳೆ. ಗಾಡಿ ಸದ್ದು ಕೇಳಿಸ್ತಿತ್ತು ಅಕ್ಕ, ಬಂದ್ರು ಬಂದ್ರು ಅಂತ ತಡ್ಕೊಂಡಿದ್ದೆ ಅಂದ್ಲು.’

ಸಾಹೇಬರು ಕೈಯಲ್ಲಿದ್ದ ಸ್ಪ್ಯಾನರನ್ನು ನೆಲದ ಮೇಲೆ ಇಟ್ಟರು. ಇಟ್ಟರೂ ಬೆರಳುಗಳು ಅದನ್ನು ಹಿಡಿದ ಹಾಗೆಯೇ ಬಾಗಿ ಉಳಿದವು. ಎಂಜಿನ್ನಿನ ಸದ್ದನ್ನು ಹೊಟ್ಟೆಯೊಳಗಿನ ನೋವಿನ ನಡುವೆ ಕೇಳುತ್ತ ಮಲಗಿದ ಹೆಂಗಸು, ಆ ಸದ್ದು ಏರಿಯ ಬುಡದಲ್ಲಿ ಜೋರಾಗಿ ಕುಗ್ಗಿ, ಜೋರಾಗಿ ಕುಗ್ಗಿ, ಹತ್ತಿರವಾಗದೆ ಹೋದದ್ದು. ಆ ಸದ್ದು ಎಷ್ಟಿತ್ತೆಂದು ಅವರಿಗೆ ಗೊತ್ತು. ಅದನ್ನು ಅರ್ಧಕ್ಕೆ ನಿಲ್ಲಿಸಿದವರು ಅವರು.

‘ಇನ್ನೊಂದು ವಿಷಯ ಸಾಬ್ರೇ,’ ಎಂದ ಮುನಿಶಾಮಿ. ತಪ್ಪು ಮಾಡಿದವನ ಹಾಗೆ ತಲೆ ಕೆರೆದುಕೊಂಡ. ‘ಇವಳು ನಡ್ಕೊಂಡು ಹೊರಟ ಮೇಲೆ ನಾನು ಅಲ್ಲೇ ಕಾರ್ಬುರೇಟರ್ ಬಿಚ್ಚಿಬಿಟ್ಟೆ. ನಿಮ್ಮನ್ನ ಕೇಳ್ದೆ ಬಿಚ್ಚಬಾರದಿತ್ತು. ಕಸ ಏನಾದ್ರೂ ಸಿಕ್ಕೊಂಡಿದೆಯೇನೋ ಅಂತ. ಕಸ ಇರಲಿಲ್ಲ. ಒಂದು ಹಿತ್ತಾಳೆ ಕೊಳವೆ ಇತ್ತು, ಇಷ್ಟುದ್ದ.’

ತನ್ನ ಕಿರುಬೆರಳಿನ ಉಗುರನ್ನು ತೋರಿಸಿದ.

ಎದುರಿನ ಬಿಲ್ಲು ಠಂಯ್ ಎಂದಿತು. ಪರದೆ ಅಲ್ಲಾಡಿತು.

‘ತೆಗೆದ್ಯಾ?’ ಎಂದರು ಸಾಹೇಬರು. ಆ ದನಿ ಅವರದೆಂದು ಅವರಿಗೇ ಅನ್ನಿಸಲಿಲ್ಲ. ಒಂದು ಗಳಿಗೆ ಅವರಿಗೆ ಎಲ್ಲಿಲ್ಲದ ಆಸೆ ಹುಟ್ಟಿತ್ತು. ತೆಗೆದೂ ಗಾಡಿ ಹತ್ತಲಿಲ್ಲ ಎಂದು ಇವನು ಹೇಳಿಬಿಟ್ಟರೆ.

‘ಕೈಗೆ ತಗೊಂಡೆ. ನೋಡಿದ್ರೆ ಅರ ಉಜ್ಜಿದ ಗೆರೆ, ಮಿಲಿಟರಿ ಸಾಮಾನಲ್ಲ ಇದು, ಸಾಬ್ರ ಕೈ ಕೆಲಸ ಅಂತ ಗೊತ್ತಾಯ್ತು. ಅಂಚೆಲ್ಲ ಎಷ್ಟು ನುಣುಪು ಮಾಡಿದ್ರಿ. ಸಾಬ್ರು ಇಷ್ಟು ಜೋಪಾನವಾಗಿ ಹಾಕಿದಾರೆ ಅಂದ್ರೆ ಇದಿಲ್ದೆ ಎಂಜಿನ್ ಹಾಳಾಗುತ್ತೇನೋ ಅಂತ, ಮಳೇಲಿ ಬೀಳದಂಗೆ ಬಾಯಲ್ಲಿ ಇಟ್ಕೊಂಡು, ಒರೆಸಿ, ಮತ್ತೆ ಅಲ್ಲೇ ಕೂರಿಸ್ದೆ.’

ಸಾಹೇಬರು ಗೋಡೆಗೆ ಒರಗಿದರು. ಏರಿಯ ಬುಡದಲ್ಲಿ, ಸಂಜೆಯ ಹನಿಮಳೆಯಲ್ಲಿ, ಗಾಡಿಯನ್ನು ಕಟ್ಟಿಹಾಕಿದ್ದ ಒಂದೇ ಒಂದು ವಸ್ತು ಈ ಮನುಷ್ಯನ ಬಾಯಲ್ಲಿತ್ತು. ಅದನ್ನು ಹಲ್ಲಿನ ನಡುವೆ ಜೋಪಾನ ಮಾಡಿ, ಮತ್ತೆ ಒಳಗಿಟ್ಟು, ಮುಚ್ಚಳ ಬಿಗಿದಿದ್ದ. ಅವರ ಮೇಲಿನ ಮರ್ಯಾದೆಗೆ.

‘ಅದೇನು ಸಾಬ್ರೇ ಅದು?’ ಎಂದಳು ಶಾಂತಕುಮಾರಿ. ‘ಚಿಕ್ಕಮುನಿಯಮ್ಮ ಅಂತ ಅದೇ ಊರಲ್ಲಿ ಇನ್ನೊಬ್ಬಳು ದಿನ ತುಂಬಿ ಕೂತಿದಾಳೆ. ಆ ಏರಿ ಹತ್ತಬೇಕು ನಮಗೆ. ಅದಕ್ಕೆ ಕೇಳ್ತಿದೀನಿ. ಅದರ ಕೆಲಸ ಏನು?’

ಅವಳು ನೇರವಾಗಿ ನೋಡುತ್ತಿದ್ದಳು. ಸಂಶಯದ ನೋಟವಲ್ಲ. ಯಾವ ಮಾತ್ರೆ ಯಾವುದಕ್ಕೆ ಎಂದು ಡಾಕ್ಟರನ್ನು ಕೇಳುವ ಹಾಗೆ. ಗಾಳಿ ಹೋಗೋ ದಾರಿಗೆ ಇರೋದಮ್ಮ, ಸ್ವಲ್ಪ ಸರಿಮಾಡ್ತೀನಿ ಎಂದರೆ ಸಾಕಿತ್ತು. ತೆಗೆದು ಎಸೆದರೆ ಗಾಡಿ ಹತ್ತುತ್ತದೆ, ಇವರಿಬ್ಬರೂ ಕೈ ಮುಗಿದು ಹೋಗುತ್ತಾರೆ, ಓಣಿಯಲ್ಲಿ ಅವರ ಹೆಸರು ಹಾಗೆಯೇ ಉಳಿಯುತ್ತದೆ.

ಸಾಹೇಬರು ಎದ್ದು ಗಾಡಿಯ ಬಳಿ ಕೂತರು. ಕಾರ್ಬುರೇಟರಿನ ಮುಚ್ಚಳ ತಿರುಗಿಸಿ, ಸ್ಪ್ರಿಂಗ್ ಎಳೆದು, ಕೊಳವೆಯನ್ನು ಹೊರತೆಗೆದು ನೆಲದ ಮೇಲಿಟ್ಟರು. ಮತ್ತೆ ಎಲ್ಲ ಜೋಡಿಸಿದರು. ಒದ್ದು ಎಂಜಿನ್ ಚಾಲೂ ಮಾಡಿ ಹಿಡಿಯನ್ನು ಪೂರ್ತಿ ತಿರುಗಿಸಿದರು. ನಯಾಜ್ ಬಿಲ್ಲು ಬಿಟ್ಟು ಹೊರಗೆ ಬಂದ. ಜಟಕಾ ಕುದುರೆಯೊಂದು ಕಿವಿ ನಿಮಿರಿಸಿತು. ಮುನಿಶಾಮಿ ತನ್ನ ಗಾಡಿಯನ್ನು ಬಾಯಿ ತೆರೆದು ನೋಡಿದ. ಆ ಗಾಡಿಗೆ ಅಷ್ಟು ದನಿ ಇದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ.

ಸಾಹೇಬರು ಎಂಜಿನ್ ಆರಿಸಿದರು.

‘ಹೇಳೀ ಜೀ,’ ಎಂದರು ಪರದೆಯ ಹಿಂದಿನಿಂದ ಶಂಶುನ್ನೀಸಾ, ಮೆಲ್ಲಗೆ.

ಸಾಹೇಬರು ಕೊಳವೆಯನ್ನು ಎತ್ತಿ ಶಾಂತಕುಮಾರಿಯ ಅಂಗೈಯಲ್ಲಿಟ್ಟರು. ಕೆಸರು ಮೆತ್ತಿದ ಆ ಕೈಯಲ್ಲಿ ಅದು ಬಲು ಚಿಕ್ಕದಾಗಿ ಕಂಡಿತು.

‘ಅದಕ್ಕೆ ಕೆಲಸ ಇಲ್ಲಮ್ಮ,’ ಎಂದರು. ‘ಗಾಡಿಗೆ ಬೇಕಾದ್ದಲ್ಲ ಅದು. ದೊಡ್ಡ ಹಲ್ಲುಚಕ್ರದಿಂದ ಹಂಗೆ ಅಂತ ನಾನು ಹೇಳಿದ್ದು ಸುಳ್ಳು. ಜೋರಾಗಿ ಓಡಬಾರದು ಅಂತ ನಾನೇ ಇಟ್ಟೆ, ಇವನಿಗೂ ಹೇಳಲಿಲ್ಲ, ನಿನಗೂ ಹೇಳಲಿಲ್ಲ. ಏರಿ ಹತ್ತದೆ ಇದ್ದದ್ದು ಅದರಿಂದ.’

ಶಾಂತಕುಮಾರಿಯ ಬೆರಳುಗಳು ಮುಚ್ಚಲೂ ಇಲ್ಲ, ತೆರೆಯಲೂ ಇಲ್ಲ. ಮುನಿಶಾಮಿ ಅಂಗೈಯ ಹಿತ್ತಾಳೆಯನ್ನು ನೋಡಿದ, ಸಾಹೇಬರನ್ನು ನೋಡಿದ, ಕೈಯಿಂದ ತನ್ನ ಬಾಯನ್ನು ಮುಟ್ಟಿಕೊಂಡ.

ಸಾಹೇಬರು ಜಗಲಿಯಿಂದ ಇಳಿದರು. ಕಾಲಿಗೆ ಚಪ್ಪಲಿ ಇರಲಿಲ್ಲ. ‘ಆ ಊರಿಗೆ ದಾರಿ ನನಗೆ ಗೊತ್ತು, ನಡ್ಕೊಂಡೇ ಹೋಗ್ತೀನಿ,’ ಎಂದರು, ಯಾರ ಮುಖವನ್ನೂ ನೋಡದೆ. ‘ಆ ಪಿಳ್ಳಮ್ಮನಿಗೆ ನಾನೇ ಹೇಳ್ಬೇಕು, ಸದ್ದು ಅಲ್ಲೇ ನಿಂತಿದ್ದು ಯಾಕೆ ಅಂತ, ನನ್ನ ಶೌಕತ್ ಹೋದ ಮೇಲೆ ನಾನು ಯಾರ ಗಾಡಿಗೂ...’ ಎನ್ನುತ್ತ ನಯಾಜ್‌ನ ಅಂಗಡಿ ದಾಟಿ, ಹಾರುವ ಹತ್ತಿಯ ನಡುವೆ, ಹಳೇ ಮದ್ರಾಸ್ ರಸ್ತೆಯ ಕಡೆಗೆ ನಡೆದರು.