ನಾಮಿನಿ ಕೆಂಪಸಿದ್ದಯ್ಯ

ಹಲಗೂರಿನ ಬ್ಯಾಂಕಿನ ಬೆಂಚಿನ ತುದಿಯಲ್ಲಿ ಕೆಂಪಸಿದ್ದಯ್ಯ ಮುದುಡಿ ಕೂತಿದ್ದ. ಎದುರಿಗೆ ಚಿಕ್ಕಲಕ್ಷ್ಮಮ್ಮ, ಅವಳ ಪಕ್ಕದಲ್ಲಿ ತಮ್ಮ ಕೆಂಪರಾಜು. ಒಂದೇ ಊರಿನವರು, ಒಂದೇ ಬಸ್ಸಿನಲ್ಲಿ ಬಂದವರು, ದಾರಿಯುದ್ದಕ್ಕೂ ಒಂದು ಮಾತಿಲ್ಲ. ಇರುವುದಾದರೂ ಹೇಗೆ? ಚಿಕ್ಕಲಕ್ಷ್ಮಮ್ಮನ ಗಂಡ ಚಿಕ್ಕಬೋರಯ್ಯ ತೀರಿಕೊಂಡು ತಿಂಗಳಾಗಿತ್ತು. ಅವನು ಡೇರಿಗೆ ಹಾಲು ಹಾಕಿ ಕೂಡಿಸಿದ್ದ ಒಂದು ಲಕ್ಷ ಎಂಬತ್ತು ಸಾವಿರ ಈ ಬ್ಯಾಂಕಿನಲ್ಲಿತ್ತು. ಖಾತೆಯ ನಾಮಿನಿ ಯಾರೆಂದು ನೋಡಿದರೆ ಹೆಂಡತಿಯಲ್ಲ, ಮಗಳಲ್ಲ, ಡೇರಿ ಕಾರ್ಯದರ್ಶಿ ಕೆಂಪಸಿದ್ದಯ್ಯ!

ಇಪ್ಪತ್ತೆರಡು ವರ್ಷ ಹಾಲು ಅಳೆದವನು ಅವನು. ನೀರು ಬೆರೆತಿದೆ ಎಂದು ಸ್ವಂತ ಅಣ್ಣನ ಹಾಲನ್ನೇ ವಾಪಸ್ ಕಳಿಸಿದ ಆಸಾಮಿ. ಊರಲ್ಲಿ ಯಾರಿಗೆ ಕಾಗದ ಬಂದರೂ ಓದುವವನು ಅವನೇ, ಯಾರ ಅರ್ಜಿಯಾದರೂ ತುಂಬುವವನು ಅವನೇ. ಅಂಥವನನ್ನು ಕಂಡರೆ ಈಗ ಜನ ಮುಖ ತಿರುಗಿಸುತ್ತಿದ್ದರು. ಸತ್ತವನ ದುಡ್ಡಿಗೆ ಹೊಂಚು ಹಾಕಿದನಂತೆ! ಆ ಹಾಳು ಬಾಯಿಗಳು ಚಿಕ್ಕಲಕ್ಷ್ಮಮ್ಮನನ್ನೂ ಬಿಡಲಿಲ್ಲ. ಕಟ್ಟಿಕೊಂಡವಳನ್ನೇ ಗಂಡ ನಂಬಿರಲಿಲ್ಲ ಎಂದು ಅವಳಿಗೆ ಕೇಳುವಂತೆಯೇ ಆಡಿಕೊಂಡರು.

ಮ್ಯಾನೇಜರ್ ಶೋಭಿತಾ ಮೂವರನ್ನೂ ಒಳಗೆ ಕರೆದು, ಅರ್ಜಿಯನ್ನು ಕೆಂಪಸಿದ್ದಯ್ಯನ ಮುಂದಿಟ್ಟರು. “ಇಲ್ಲಿ ಸೈನ್ ಮಾಡಿ. ದುಡ್ಡು ನಿಮ್ಮ ಖಾತೆಗೆ ಬರುತ್ತೆ.”

ಕೆಂಪರಾಜು ದಡಕ್ಕನೆ ಎದ್ದ. “ಅದೆಂಗ್ ಬತ್ತದೆ ಮೇಡಮ್? ನಮ್ಮಕ್ಕನ ದುಡ್ಡ ಈವಯ್ಯ ನುಂಗ್ಕಂಡು ಓಗಾದಾ?”

“ನಾಮಿನಿ ಅಂದ್ರೆ ವಾರಸುದಾರ ಅಲ್ಲಪ್ಪ. ಬ್ಯಾಂಕು ಯಾರ ಕೈಗೆ ಕೊಡಬೇಕು ಅನ್ನೋದಕ್ಕೆ ಇರೋ ಹೆಸರು, ಅಷ್ಟೆ. ಇಸ್ಕೊಂಡೋರು ಹೆಂಡತಿ ಮಕ್ಕಳಿಗೆ ತಲುಪಿಸಬೇಕು.”

“ತಲುಪುಸ್ದೆ ಓದ್ರೆ?”

“ನೀವು ಕೋರ್ಟಿಗೆ ಹೋಗಬೇಕಾಗುತ್ತೆ.”

ಮೂವರ ಕಣ್ಣೂ ಕೆಂಪಸಿದ್ದಯ್ಯನ ಕೈ ಮೇಲೆ. ಸೈನ್ ಹಾಕಿದರೆ ನುಂಗಿದ ಅನ್ನುತ್ತಾರೆ, ಹಾಕದಿದ್ದರೆ ಆ ಹೆಂಗಸಿನ ದುಡ್ಡು ಇಲ್ಲೇ ಕೊಳೆಯುತ್ತದೆ. ಪೆನ್ನು ತೆಗೆದುಕೊಂಡು ಸೈನ್ ಹಾಕಿದ. ಹಾಕಿದವನೇ ಜೇಬಿನಿಂದ ಚೆಕ್ ಪುಸ್ತಕ ತೆಗೆದು, ಚಿಕ್ಕಲಕ್ಷ್ಮಮ್ಮನ ಹೆಸರಿಗೆ ಅಷ್ಟೂ ಹಣ ಬರೆದು, ಹರಿದು ಅವಳ ಮುಂದಿಟ್ಟ. ಕೆಂಪರಾಜು ತೆಪ್ಪಗೆ ಕೂತ.

ಅವಳು ಚೆಕ್ಕು ಮುಟ್ಟಲಿಲ್ಲ.

“ದುಡ್ಡು ಆಮ್ಯಾಕಿರ್ಲಿ ಕಣಣ್ಣ. ಅವತ್ತು ಅರ್ಜಿ ತುಂಬ್ದಾಗ ಅವ್ರು ನನ್ನೆಸ್ರು ಯಾಕೆ ಯೋಳ್ನಿಲ್ಲ? ಅದ ಯೋಳು ಮೊದ್ಲು.”

ಕೆಂಪಸಿದ್ದಯ್ಯ ಚೆಕ್ ಪುಸ್ತಕ ಮಡಿಚಿ ಜೇಬಿಗಿಟ್ಟ.

“ತಪ್ಪು ನಂದೇ ಕಣವ್ವ. ಖಾತೆ ಮಾಡ್ಸಾಕೆ ಬ್ಯಾಂಕಿನೋರು ಡೇರಿ ತಾವ್ಕೆ ಬಂದಿದ್ರು. ನೀ ಸತ್ರೆ ದುಡ್ಡು ಯಾರ್ಗೆ ಕೊಡ್ಬೇಕ್ಲಾ ಅಂತ ನಿನ್ ಗಂಡನ್ನ ಕೇಳ್ದೆ. ಉರಿದ್ಬಿದ್ದ ನನ್ ಮ್ಯಾಲೆ. ‘ಥೂ, ಬುಡ್ತು ಅನ್ಲಾ! ಸಾವಿನ ಮಾತ್ಗೆ ಅವಳೆಸ್ರು ಸೇರುಸ್ಬ್ಯಾಡ, ಅವಳ ತಾಳಿ ಗಟ್ಟಿಯಾಗಿರ್ಲಿ’ ಅಂದ. ಹಾಲಾಕಾಕೆ ಬಂದಿದ್ದ ಇನ್ನೂ ಆರು ಜನಾನೂ ಇಂಗೇ ಅಂದ್ರು. ನಾಮಿನಿ ಜಾಗ ಖಾಲಿ ಬುಡಂಗಿಲ್ಲ ಅಂದ್ರು ಬ್ಯಾಂಕಿನೋರು. ಏಳು ಅರ್ಜಿಗೂ ನನ್ನೆಸ್ರೇ ಗೀಚ್ಬುಟ್ಟೆ.”

ತಿಂಗಳಿಂದ ಊರಿನ ಮುಂದೆ ಒಂದು ಹನಿ ಕಣ್ಣೀರು ಹಾಕದಿದ್ದ ಹೆಂಗಸು, ಮ್ಯಾನೇಜರ್ ಮೇಜಿಗೆ ತಲೆಯಿಟ್ಟು ಗೊಳೋ ಎಂದು ಅತ್ತಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಚೆಕ್ಕು ಎತ್ತಿಕೊಂಡು ಎದ್ದಳು.

“ಆ ಆರು ಜನಾನೂ ನಾಳೀಕೆ ಇಲ್ಲಿಗೇ ಕರ್ಕಂಡ್ ಬಾ. ನಾನೇ ಯೋಳ್ತೀನಿ. ಎಂಡ್ರೆಸ್ರು ಬರುಸ್ದೆ ಓದ್ರೂ ಸಾಯ್ತಾರೆ ಕಣಣ್ಣ.”