ಅರ್ಧ ದಾರಿಯ ಕಾಲುಗಳನ್ನು ದಾಟಿಸುವ ಅಕ್ಕ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಕೃತಕ ಕಾಲು ತಯಾರಿಸುವ ಕೇಂದ್ರದ ಕಾರ್ಯಾಗಾರದಲ್ಲಿ ಒಂದೇ ದೀಪ ಉರಿಯುತ್ತಿದೆ. ಗೋಡೆಯುದ್ದದ ಕಪಾಟಿನಲ್ಲಿ ಅರೆಬರೆ ಕಾಲುಗಳು. ಕೆಲವಕ್ಕೆ ಪಾದವಿಲ್ಲ, ಕೆಲವಕ್ಕೆ ಪಟ್ಟಿಯಿಲ್ಲ, ಕೆಲವು ಇನ್ನೂ ಬರೀ ಪ್ಲಾಸ್ಟರಿನ ಅಚ್ಚು. ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತ ಮಹಿಳೆಯೊಬ್ಬರು ಒಂದು ಕಾಲನ್ನು ಎತ್ತಿಕೊಂಡು, ಚೀಟಿಯ ನಂಬರು ನೋಡಿ, ಅಂಚನ್ನು ಬೆರಳಿನಿಂದ ಸವರುತ್ತಾರೆ.

"ಮೇಸ್ತ್ರಿಗಳೇ, ಇದಕ್ಕೆ ನಿಮ್ಮ ಕೈ ಇನ್ನೇನು ಮಾಡ್ಬೇಕು?"

"ಅಂಚು ಉಜ್ಜಬೇಕಮ್ಮ. ಆಮೇಲೆ ತೊಡಿಸಿ ನೋಡೋದು," ಮೇಸ್ತ್ರಿ ಆಕಳಿಸುತ್ತಲೇ ಹೇಳುತ್ತಾರೆ. ಮಹಿಳೆ ಲ್ಯಾಪ್‌ಟಾಪಿನ ಗುಂಡಿ ಒತ್ತುತ್ತಾರೆ. ಒಂದು ಕಾಲು ದಾಟಿತು.

ಇಲ್ಲಿ ಎಲ್ಲರ ಬಾಯಲ್ಲೂ ಈ ಮಹಿಳೆ 'ದಾಟಿಸೋ ಅಕ್ಕ'. ಪ್ರತಿ ಕಾಲೂ ಅಳತೆ, ಅಚ್ಚು, ಜೋಡಣೆ, ತೊಡಿಸಿ ನೋಡುವುದು ಎಂದು ಹಂತ ಹಂತವಾಗಿ ಸಾಗಬೇಕು. ಯಾವುದು ಎಲ್ಲಿದೆಯೆಂದು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಆಗೀಗ ಮೇಲಿನವರು ಈ ಹಂತಗಳ ಕ್ರಮವನ್ನೇ ಬದಲಿಸುತ್ತಾರೆ. ಈ ಸಲ ಅಳತೆಗೂ ಮೊದಲು ಚರ್ಮದ ತಪಾಸಣೆ ಸೇರಿದೆ. ಒಳ್ಳೆಯದೇ. ಆದರೆ ಆಗಲೇ ಅರ್ಧ ದಾರಿ ಬಂದಿರುವ ಕಾಲುಗಳ ಗತಿಯೇನು? ತಪಾಸಣೆ ಆಗಿಲ್ಲವೆಂದು ಕಂಪ್ಯೂಟರ್ ಅಷ್ಟನ್ನೂ ಹಿಂದಕ್ಕೆ ತಳ್ಳಿ, ಅಳತೆಯಿಂದ ಶುರುಮಾಡಿ ಎನ್ನುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹಾಗಾಗದಂತೆ ಒಂದೊಂದು ಕಾಲನ್ನೂ ಹೊಸ ಕ್ರಮದಲ್ಲಿ ಅದರ ಸರಿಯಾದ ಹಂತಕ್ಕೆ ದಾಟಿಸುವುದೇ ಅಕ್ಕನ ಕೆಲಸ.

ಆ ಎಮ್ಮೆಗಳ ಪೈಕಿ ನನ್ನ ತಮ್ಮನೂ ಒಬ್ಬ. ಬಸ್ ಕಂಡಕ್ಟರ್. ಅಪಘಾತದಲ್ಲಿ ಮೊಣಕಾಲಿನ ಕೆಳಗಿನ ಭಾಗ ಹೋಯಿತು. ತಿಂಗಳೊಳಗೆ ಬಸ್ಸಿನಲ್ಲಿ ನಡೆದು ತೋರಿಸಿದರೆ ಹಳೆಯ ಕೆಲಸ, ಇಲ್ಲವಾದರೆ ಡಿಪೋದ ಮೂಲೆಯಲ್ಲೊಂದು ಕುರ್ಚಿ ಎಂದು ಬಸ್ ಸಂಸ್ಥೆಯವರು ಹೇಳಿದ್ದರು. ಕೂತಲ್ಲಿ ಕೂರುವ ಜೀವವಲ್ಲ ಅವನದು. ಅವನ ಕಾಲು ಜೋಡಣೆಗೆ ಬಂದ ವಾರವೇ ಕ್ರಮ ಬದಲಾಯಿತು. ಮತ್ತೆ ಅಳತೆಯ ಸಾಲಿಗೆ ನಿಂತಿದ್ದರೆ ಕೆಲಸ ಕೈತಪ್ಪುತ್ತಿತ್ತು.

"ತಪಾಸಣೆ ತಪ್ಪಿಸೋ ಹಾಗಿಲ್ಲ, ನೋಡಿ," ಅಕ್ಕ ಹೇಳುತ್ತಾರೆ. "ಆದ್ರೆ ಕಾಲು ತೊಡಿಸಿ ನೋಡೋ ದಿನ ಡಾಕ್ಟರಮ್ಮ ಹೇಗೂ ಅಲ್ಲೇ ಇರ್ತಾರಲ್ಲ? ಹಳೇ ಕ್ರಮದಲ್ಲಿ ಶುರುವಾದ ಕಾಲುಗಳವರಿಗೆ ಅವತ್ತೇ ಚರ್ಮಾನೂ ನೋಡ್ಬಿಡಿ ಅಂತ ಕೇಳ್ಕೊಂಡೆ. ಆಗ್ಲಿ ಅಂದ್ರು." ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ.

ಮೇಸ್ತ್ರಿಗಳನ್ನು ಇಷ್ಟು ಬೇಗ ಎಬ್ಬಿಸಿ ಕರೆತರುವುದೇಕೆ? ಕೆಲಸ ಶುರುವಾದ ಮೇಲೆ ಕಾಲುಗಳು ಕೈಯಿಂದ ಕೈಗೆ ಓಡಾಡುತ್ತವೆ, ಆಗ ಪರದೆ ಹೇಳುವುದೊಂದು, ಕಪಾಟಿನಲ್ಲಿರುವುದೊಂದು. ಮೊದಲ ಸಲ ಅಕ್ಕ ಪರದೆಯನ್ನೇ ನಂಬಿದ್ದರಂತೆ. "ಜೋಡಣೆ ಮುಗೀತು ಅಂತಿತ್ತು, ತೊಡಿಸಿಯೂ ನೋಡಿರ್ತಾರೆ ಅಂದ್ಕೊಂಡು ನೇರ ಕೊಡೋ ಹಂತಕ್ಕೆ ಹಾಕ್ಬಿಟ್ಟೆ. ಯಾರೂ ತೊಡಿಸಿ ನೋಡಿರ್ಲಿಲ್ಲ. ಪಾಪ, ಆ ಟೀಚರಮ್ಮನ ಕಾಲಲ್ಲಿ ಹುಣ್ಣಾಯ್ತು. ಅವರ ಮನೆಗೇ ಹೋಗಿ ಕ್ಷಮೆ ಕೇಳ್ದೆ. ಅವತ್ತಿಂದ ಏನು ಮುಗೀತು ಅಂತ ಕೇಳೋದೇ ಇಲ್ಲ. ಮುಂದೆ ಕೈ ಏನು ಮಾಡ್ಬೇಕು ಅಂತಷ್ಟೇ ಕೇಳ್ತೀನಿ."

ಇಂಥ ಕೆಲಸ ಚೆನ್ನಾಗಿ ಆದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅಕ್ಕನ ತಾಯಿಗೇ ಇದು ಇನ್ನೂ ಅರ್ಥವಾಗಿಲ್ಲ. "ಕಾಲು ಮಾಡ್ತೀಯಾ ಅಂತಾಳೆ, ಇಲ್ಲಮ್ಮ ಅಂತೀನಿ. ಜೋಡಿಸ್ತೀಯಾ ಅಂತಾಳೆ, ಅದೂ ಇಲ್ಲ. ಮತ್ತೆ ಸಂಬಳ ಯಾಕೆ ಕೊಡ್ತಾರೇ ನಿಂಗೆ ಅಂತ ತಲೆ ತಿಂತಾಳೆ!" ಅಕ್ಕ ಬಾಯ್ತುಂಬ ನಗುತ್ತಾರೆ. ಮೇಸ್ತ್ರಿಯೂ ನಗುತ್ತಾರೆ, ಆಮೇಲೆ ನನ್ನ ಕಡೆ ತಿರುಗಿ, "ಇವರಿಲ್ದಿದ್ರೆ ನಾವು ಮಾಡಿದ್ದನ್ನೇ ಮಾಡ್ತಾ ಕೂರ್ಬೇಕಿತ್ತು ಸ್ವಾಮಿ," ಎನ್ನುತ್ತಾರೆ.

ನಾನು ಬಂದದ್ದು ಲೇಖನಕ್ಕೆ ಎಂದು ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಬಂದದ್ದು ಕೈಮುಗಿಯಲು. ತಮ್ಮ ಸೋಮವಾರದಿಂದ ಡ್ಯೂಟಿಗೆ ಹೋಗುತ್ತಿದ್ದಾನೆ. ಅದನ್ನೇ ಅಕ್ಕನಿಗೆ ಹೇಳಿದೆ.

ಅಕ್ಕ ಲ್ಯಾಪ್‌ಟಾಪ್ ಮುಚ್ಚಿದರು. ನಡೆದು ನೋಡುವ ಹಜಾರ ಇರುವುದು ಆಚೆ ಕಟ್ಟಡದಲ್ಲಿ. ದಾಟಿಸಿದ ಕಾಲೊಂದು ನಡೆಯುವುದನ್ನು ಇವರು ಈವರೆಗೆ ಕಂಡಿಲ್ಲವಂತೆ.

"ಯಾವ ರೂಟು ಅವರದು?" ಎಂದು ಕೇಳಿದರು. ಹೇಳಿದೆ. "ಒಂದಿನ ಬಸ್ ಹತ್ತುತ್ತೀನಿ. ನಾನು ಯಾರು ಅಂತ ಅವರಿಗೆ ಹೇಳ್ಬೇಡಿ. ಕಟ್ಟಕಡೇ ಸೀಟಲ್ಲಿ ಕೂತ್ಕೋತೀನಿ. ಟಿಕೆಟ್ ಕೊಡೋಕೆ ಅಲ್ಲೀತನಕ ನಡ್ಕೊಂಡು ಬರ್ತಾರಲ್ಲ, ಅಷ್ಟು ಸಾಕು ನಂಗೆ."